ಹುಲ್ಲಿನ ಬೇನೆ: ಯೇವಲಾ ಸೀಮೆಯ ಒಂದು ಪೂರ್ವವೃತ್ತಾಂತ

ನಾಸಿಕ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೈಜಾಪುರ ಸೀಮೆಗೆ ತಗುಲಿಕೊಂಡಿರುವ ಯೇವಲಾ ತಾಲ್ಲೂಕು, ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದಿರುವ ಕಾರಣ, ತಲೆಮಾರುಗಳಿಂದ ಬಾಜರಿಯನ್ನು, ಎಂದರೆ ನಮ್ಮ ಬಿಜಾಪುರ ಕೊಪ್ಪಳಗಳ ರೈತರು ಸಜ್ಜೆಯೆಂದು ಕರೆಯುವ ಧಾನ್ಯವನ್ನು, ನಂಬಿ ಬಾಳಿದ ನಾಡು. ಪೈಠಣಿ ಸೀರೆಯ ಮಗ್ಗಗಳಿಂದಲೂ, ತಾತ್ಯಾ ಟೋಪೆಯ ಜನ್ಮಸ್ಥಳವೆಂಬ ಕೀರ್ತಿಯಿಂದಲೂ, 1935ರ ಅಕ್ಟೋಬರ್ 13ರಂದು ಡಾಕ್ಟರ್ ಅಂಬೇಡ್ಕರರು ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದ ಸಭೆಯಿಂದಲೂ ಆ ಊರಿನ ಹೆಸರು ದೇಶಕ್ಕೆಲ್ಲ ಪರಿಚಿತವಾಗಿದೆ. ಆದರೆ ಮಗ್ಗದ ಮುಂದೆ ಕುಳಿತವನೂ ಆ ಸಭೆಗೆ ನಡೆದುಬಂದವನೂ ಉಂಡ ಭಾಕರಿಯ ಚರಿತ್ರೆಯನ್ನು ಬರೆದವರು ವಿರಳ, ಆ ಭಾಕರಿಯನ್ನು ಕಾಲಕಾಲಕ್ಕೆ ಕಿತ್ತುಕೊಂಡ ಬೇನೆಗಳ ಚರಿತ್ರೆಯನ್ನು ಬರೆದವರಂತೂ ಇನ್ನೂ ವಿರಳ.

ಬಾಜರಿ, ಜೋಳ, ಗೋಧಿ ಇವೆಲ್ಲ ತೃಣಕುಲದವು. ಗಣಪತಿಗೆ ಏರಿಸುವ ಗರಿಕೆ, ಯೇವಲಾ ತಾಲ್ಲೂಕಿನ ರಾಜಾಪುರ ಮಮದಾಪುರಗಳ ಬಯಲಿನಲ್ಲಿ ಕೃಷ್ಣಮೃಗಗಳು ಮೇಯುವ ಹುಲ್ಲು, ಬೆಂಗಳೂರಿನ ಬಂಗಲೆಯ ಮುಂದೆ ಕತ್ತರಿಸಿ ಸಮಮಾಡಿದ ಹುಲ್ಲುಹಾಸು ಇವೂ ಅದೇ ಕುಲದ ದಾಯಾದಿಗಳು. ಆದುದರಿಂದ ಅವುಗಳನ್ನು ಕಾಡುವ ಬೇನೆಗಳಲ್ಲಿಯೂ ದಾಯಾದಿತನ ಕಾಣಬರುತ್ತದೆ. ಮುಟ್ಟಿದರೆ ಬೆರಳಿಗೆ ಕಿತ್ತಳೆಬಣ್ಣದ ಧೂಳು ಹತ್ತುವ ತುಕ್ಕುರೋಗ ಗೋಧಿಯ ಹೊಲದಲ್ಲಿಯೂ ಉಂಟು, ಹುಲ್ಲುಹಾಸಿನಲ್ಲಿಯೂ ಉಂಟು. ಅಮೆರಿಕದ ಹುಲ್ಲುಹಾಸುಗಳಲ್ಲಿ ಬೀಳುವ ಕಂದುಮಚ್ಚೆಗೆ ರೈಜೋಕ್ಟೋನಿಯಾ ಎಂಬ ಶಿಲೀಂಧ್ರವೇ ಕಾರಣವೆಂದು ಪೈಪರ್ ಮತ್ತು ಕೋ ಎಂಬ ವಿಜ್ಞಾನಿಗಳು 1919ರಲ್ಲಿ ಪ್ರಕಟಿಸಿದರು. ಅದಕ್ಕೆ ಹನ್ನೆರಡು ವರ್ಷ ಮೊದಲೇ, 1907ರಲ್ಲಿ, ಪೂಸಾದ ಸಂಶೋಧನಾಲಯದಲ್ಲಿದ್ದ ಎಡ್ವಿನ್ ಜಾನ್ ಬಟ್ಲರ್ ಭಾರತದ ಬಾಜರಿಯನ್ನು ಕೆಡಿಸುವ ಶಿಲೀಂಧ್ರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸವಿಸ್ತಾರವಾಗಿ ವರ್ಣಿಸಿದ್ದರು. ಹುಲ್ಲಿನ ರೋಗವಿಜ್ಞಾನಕ್ಕೆ ಬಡವನ ಹೊಲದಿಂದ ಸಂದ ಋಣ ಸಣ್ಣದಲ್ಲವೆಂದು ನಾನು ಭಾವಿಸುತ್ತೇನೆ.

ಬಟ್ಲರ್ ವರ್ಣಿಸಿದ ಆ ಬೇನೆಯನ್ನು ಮರಾಠಿ ರೈತರು ಗೋಸಾವಿ ಎಂದೂ ಕೇವಡಾ ಎಂದೂ, ನಮ್ಮವರು ಕೇದಿಗೆ ರೋಗವೆಂದೂ ಕರೆಯುತ್ತಾರೆ. ಎಳೆಯ ಪೈರಿನ ಎಲೆಯು ಬುಡದ ಕಡೆಯಿಂದ ಹಳದಿಗೆ ತಿರುಗುವುದು ಅದರ ಮೊದಲ ಲಕ್ಷಣ. ಹಗಲು ನೋಡಿದರೆ ಇದು ಗೊಬ್ಬರದ ಕೊರತೆಯೋ ನೀರು ನಿಂತ ದೋಷವೋ ಎಂದು ಸಂಶಯ ಬರುವುದು ಸಹಜ; ಮುಂಗಾರಿನ ದಿನಗಳಲ್ಲಿ, ಸೂರ್ಯನು ಏರಿ ಇಬ್ಬನಿ ಆರುವ ಮೊದಲು ಅದೇ ಎಲೆಯನ್ನು ಮಗುಚಿ ನೋಡಿದರೆ, ಅಡಿಭಾಗದಲ್ಲಿ ಹಿಟ್ಟು ಸವರಿದಂತೆ ಬಿಳಿಯ ಮೃದುವಾದ ನವಿರು ಕಂಡು ಸಂಶಯ ಪರಿಹಾರವಾಗುತ್ತದೆ. ರಾತ್ರಿಯ ತಂಪಿನಲ್ಲಿ ಶಿಲೀಂಧ್ರವು ತನ್ನ ಬೀಜಕಣಗಳನ್ನು ಹೆತ್ತು ಗಾಳಿಗೆ ಬಿಡುವ ಕಾಲದ ಕುರುಹು ಅದು. ಬಿಸಿಲು ಬಲಿತ ಮೇಲೆ ಅದು ತೋರದು. ತೆನೆ ಹೊರಡುವ ಕಾಲಕ್ಕೆ ಕಾಳಿನ ಎಡೆಯಲ್ಲಿ ಸಣ್ಣ ಸಣ್ಣ ಹಸಿರು ಎಲೆಗಳು ಜಡೆಗಟ್ಟಿ ನಿಲ್ಲುವುದನ್ನು ಯಾರು ಬೇಕಾದರೂ ಗುರುತಿಸಬಲ್ಲರು, ಆದರೆ ಅಷ್ಟು ಹೊತ್ತಿಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ಬಿತ್ತಿದ ಮೂರು ವಾರದೊಳಗೆ ರೋಗದ ಗಿಡವನ್ನು ಬೇರುಸಹಿತ ಕಿತ್ತು ಸುಡದಿದ್ದರೆ, ಒಣಗಿದ ಎಲೆಯೊಳಗಿನ ಗಟ್ಟಿ ಬೀಜಕಣಗಳು ಮಣ್ಣಿಗೆ ಸೇರಿ ಮುಂದಿನ ವರ್ಷಗಳ ಪೈರಿಗೂ ಕಾದು ಕುಳಿತಿರುತ್ತವೆ.

ನಾಸಿಕವೂ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರಗಳೂ 1956ರವರೆಗೆ ಒಂದೇ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದುವಾದುದರಿಂದ, ಗೋದಾವರಿಯ ಸೀಮೆಗೂ ಮಲಪ್ರಭೆಯ ಸೀಮೆಗೂ ಒಂದೇ ಕೃಷಿ ಇಲಾಖೆಯ ವಿದ್ವಾಂಸರು ದುಡಿದರು. ಆ ಇಲಾಖೆಯ ಜಿ. ಎಸ್. ಕುಲಕರ್ಣಿಯವರು ಬಾಜರಿಯ ಬೇನೆಯನ್ನೂ ಜೋಳದ ಬೇನೆಯನ್ನೂ ಎದುರೆದುರು ಇಟ್ಟು ಪರೀಕ್ಷಿಸಿ, ಎರಡೂ ಒಂದೇ ಎಂದು ಅದುವರೆಗೆ ತಿಳಿದಿದ್ದುದು ಸರಿಯಲ್ಲವೆಂದೂ ಜೋಳದ್ದು ಬೇರೆಯ ಪ್ರಭೇದವೆಂದೂ 1913ರಲ್ಲಿ ತೋರಿಸಿಕೊಟ್ಟರು. 1932ರಲ್ಲಿ ಹಾರ್ವರ್ಡಿನ ವೆಸ್ಟನ್ನರೂ ಪುಣೆಯ ಬಿ. ಎನ್. ಉಪ್ಪಲರೂ ಅದನ್ನು ಸ್ವತಂತ್ರ ಜಾತಿಯೆಂದೇ ಸ್ಥಾಪಿಸಿದರು. ಜೋಳದ ಕಾಡಿಗೆ ರೋಗಗಳನ್ನು ಕುರಿತು ಕುಲಕರ್ಣಿಯವರು ಬರೆದ ಪುಸ್ತಿಕೆ ಇನ್ನೊಂದು ಉಪಕಾರ. ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದುವುದು, ತರುವಾಯದ ಕಾಲದಲ್ಲಿ ಗಂಧಕದ ಪುಡಿಯನ್ನು ಹಚ್ಚುವುದು, ಇವು ಹಳ್ಳಿಗಳಿಗೆ ಹಬ್ಬಿದ್ದು ಇಂಥವರ ಪರಿಶ್ರಮದಿಂದ.

ಮತ್ತೊಂದು ಬೇನೆ ಹೊಲವನ್ನು ದಾಟಿ ಮನುಷ್ಯನನ್ನೇ ಮುಟ್ಟಿತು. ತೆನೆಯಿಂದ ನಸುಗೆಂಪಾದ ಅಂಟುರಸ ತೊಟ್ಟಿಕ್ಕಿ, ಕಾಳಿನ ಸ್ಥಾನದಲ್ಲಿ ಕಪ್ಪಾದ ಗಡುಸು ಗಂಟುಗಳು ಕೂರುವ ಅರ್ಗಟ್ ರೋಗವನ್ನು ಮುಂಬಯಿ ರಾಜ್ಯದ ಬಾಜರಿಯಲ್ಲಿ 1957ರಲ್ಲಿ ಭಿಡೆ ಮತ್ತು ಹೆಗ್ಡೆ ಎಂಬ ವಿಜ್ಞಾನಿಗಳು ವರದಿಮಾಡಿದರು. ಅದೇ ಕಾಲದಲ್ಲಿ ಆ ರಾಜ್ಯದ ದಕ್ಷಿಣ ಭಾಗಗಳಲ್ಲಿ ಅಂಥ ಕಾಳಿನ ರೊಟ್ಟಿ ತಿಂದವರಿಗೆ ಓಕರಿಕೆ, ವಾಂತಿ, ತಲೆಸುತ್ತು, ಜೋಂಪು ಕಾಣಿಸಿಕೊಂಡು ಊರೂರೇ ಗಾಬರಿಗೊಂಡವು. ಇದಕ್ಕೆ ಕಂಡುಕೊಂಡ ಪರಿಹಾರವು ಅಡಿಗೆಮನೆಯ ವಸ್ತುವಿನಿಂದಲೇ ಆಗುವಂಥದು. ಹತ್ತು ಲೀಟರ್ ನೀರಿಗೆ ಎರಡು ಕಿಲೋ ಉಪ್ಪನ್ನು ಕರಗಿಸಿ, ಬಿತ್ತನೆಯ ಬಾಜರಿಯನ್ನು ಅದರಲ್ಲಿ ಸುರಿದು ಕೈಯಾಡಿಸಿದರೆ, ಹಗುರವಾದ ಗಂಟುಗಳೂ ಜೊಳ್ಳೂ ಮೇಲಕ್ಕೆ ತೇಲಿ ಬರುತ್ತವೆ, ಗಟ್ಟಿಕಾಳು ತಳದಲ್ಲಿ ಉಳಿಯುತ್ತದೆ. ತೇಲಿದ್ದನ್ನು ಜರಡಿಯಿಂದ ತೆಗೆದು ಸುಟ್ಟು, ಉಳಿದ ಬೀಜವನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಬೇಕು. ಉಪ್ಪು ಉಳಿದರೆ ಮೊಳಕೆಗೆ ಕೇಡು. ಬಡವನಿಗೂ ಸಾಧ್ಯವಾದ ಈ ವಿಧಾನವನ್ನು ನಾನು ಅತ್ಯಂತ ಗೌರವದಿಂದ ಕಾಣುತ್ತೇನೆ.

ಇನ್ನು ಹೇಳಬೇಕಾದ ಪ್ರಸಂಗದಲ್ಲಿ ಹುಲ್ಲುಹಾಸೂ ಬಾಜರಿಯ ಹೊಲವೂ ಒಬ್ಬನೇ ಮನುಷ್ಯನ ಕೈಯಲ್ಲಿ ಕೂಡಿಬಂದುವು. ಅಮೆರಿಕದ ಜಾರ್ಜಿಯಾ ಸಂಸ್ಥಾನದ ಟಿಫ್ಟನ್ ಎಂಬ ಊರಿನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿಯು ನಮ್ಮ ಗರಿಕೆಯನ್ನು ಆಫ್ರಿಕದ ಅದರ ಸೋದರಹುಲ್ಲಿನೊಡನೆ ಸಂಕರಮಾಡಿ, 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ ಎಂಬ ಹುಲ್ಲುಗಳನ್ನು ಹೊರತಂದರು. ಜಗತ್ತಿನ ಎಷ್ಟೋ ಗಾಲ್ಫ್ ಮೈದಾನಗಳ ಹಸಿರು ಅವರದೇ ಕೊಡುಗೆ. ಅದೇ ಬರ್ಟನ್ನರು ಸಜ್ಜೆಯಲ್ಲಿ ಪುಂಸತ್ವಹೀನವಾದ ಟಿಫ್ಟ್ 23-ಎ ಎಂಬ ತಾಯಿತಳಿಯನ್ನು ಸಿದ್ಧಪಡಿಸಿದರು. ಅದರಿಂದ ಲೂಧಿಯಾನದಲ್ಲಿ ಡಿ. ಎಸ್. ಅಠ್ವಾಲರು ಹುಟ್ಟಿಸಿದ ಎಚ್‌ಬಿ-1 ಎಂಬ ಸಂಕರ ಬಾಜರಿ 1965ರಲ್ಲಿ ರೈತರ ಕೈಸೇರಿ, ನಾಟಿ ತಳಿಗಳು ಕೊಡದಷ್ಟು ಕಾಳನ್ನು ಕೊಟ್ಟಿತು. ಬೆನ್ನಹಿಂದೆಯೇ ಬಂದ ಎಚ್‌ಬಿ-3 ಬಾಜರಿ ಬೆಳೆಯುವ ನಾಡುಗಳಲ್ಲೆಲ್ಲ ವ್ಯಾಪಿಸಿತು. ಆದರೆ ಎರಡಕ್ಕೂ ತಾಯಿ ಒಂದೇ, ಆ ತಾಯಿಗೆ ಕೇದಿಗೆ ರೋಗವನ್ನು ತಡೆಯುವ ಶಕ್ತಿ ಇರಲಿಲ್ಲ. ತಲೆಮಾರುಗಳಿಂದ ರೋಗದೊಡನೆ ಹೆಣಗಿ ಉಳಿದಿದ್ದ ನೂರಾರು ನಾಟಿ ಬಾಜರಿಗಳು ಹಿಂದೆ ಸರಿದು, ಮೈಲುಗಟ್ಟಲೆ ಒಂದೇ ತಳಿ ನಿಂತಿದ್ದ ಭೂಮಿಯಲ್ಲಿ, 1971ರ ಮುಂಗಾರಿನಲ್ಲಿ ಬೇನೆಯು ಮಹಾಮಾರಿಯಾಗಿ ಹರಡಿತು. ಮರುವರ್ಷವೇ ಮಹಾರಾಷ್ಟ್ರದ ಭೀಕರ ಬರ ಬಂದು ಆ ನಷ್ಟದ ಮೇಲೆ ಎರಗಿತು.

ವಿಜ್ಞಾನಿಗಳು ಇಲ್ಲಿ ಸೋತು ಕುಳಿತವರಲ್ಲ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್, ರೋಗಿಷ್ಠ ಸಾಲುಗಳ ನಡುವೆ ಹೊಸ ತಳಿಗಳನ್ನು ಬಿತ್ತಿ, ಬದುಕಿದ್ದನ್ನೇ ಆಯ್ದು, 1982ರಲ್ಲಿ ಡಬ್ಲ್ಯುಸಿ-ಸಿ75 ಎಂಬ ತಳಿಯನ್ನು ದೇಶಕ್ಕೆ ಒದಗಿಸಿತು. ಬೀಜಕ್ಕೆ ಮೆಟಾಲಾಕ್ಸಿಲ್ ಔಷಧವನ್ನು ಕಿಲೋಗೆ ಆರು ಗ್ರಾಮಿನಂತೆ ಹಚ್ಚುವ ಪದ್ಧತಿಯೂ ಬಂದಿತು. ಆದರೂ ನನ್ನ ಅಭಿಪ್ರಾಯದಲ್ಲಿ ಔಷಧಕ್ಕೆ ಎರಡನೆಯ ಸ್ಥಾನ. ತಳಿಗಳ ವೈವಿಧ್ಯಕ್ಕೂ ಮುಂಜಾವಿನ ಪರೀಕ್ಷೆಗೂ ಮೊದಲನೆಯದು.

ಹುಲ್ಲುಹಾಸು ಬೆಳೆಸಿದವರಿಗೂ ಈ ಮಾತು ಸಲ್ಲುತ್ತದೆ. ನಾಣ್ಯದಷ್ಟೇ ಅಗಲವಾದ ಒಣಹುಲ್ಲಿನ ಬಣ್ಣದ ಚುಕ್ಕೆಗಳು ಅಲ್ಲಲ್ಲಿ ಎದ್ದರೆ ಅದು ಹೆಚ್ಚಾಗಿ ಸಾರಜನಕದ ಕೊರತೆಯಿಂದ ಸೊರಗಿದ ಹುಲ್ಲಿಗೆ ಹತ್ತುವ ಬೇನೆ, ಸ್ವಲ್ಪ ಗೊಬ್ಬರವೇ ಅದಕ್ಕೆ ಪಥ್ಯ. ಮೊಳದಗಲಕ್ಕೂ ಮೀರಿ ಹರಡುವ ಕಂದು ವರ್ತುಲ, ಅಂಚಿನಲ್ಲಿ ಮುಂಜಾನೆ ಹೊಗೆಬಣ್ಣದ ಉಂಗುರ, ಇವು ಕಂಡರೆ ಅತಿಯಾದ ಗೊಬ್ಬರವೂ ಸಂಜೆಯ ನೀರೂ ಕಾರಣವಾಗಿರುವ ಕಂದುಮಚ್ಚೆ, ಅದಕ್ಕೆ ಗೊಬ್ಬರ ಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ. ಕಂದುಮಚ್ಚೆ ಹತ್ತಿದ ಹುಲ್ಲಿಗೆ ಬೆಳಗಿನ ಹೊತ್ತು ಮಾತ್ರ ನೀರು ಕೊಟ್ಟು, ನೀರು ನಿಲ್ಲದಂತೆ ನೆಲವನ್ನು ಸರಿಪಡಿಸಿ, ಕತ್ತರಿಸಿದ ಹುಲ್ಲನ್ನು ಹೊರಸಾಗಿಸಿದ ಮೇಲೂ ಬೇನೆ ನಿಲ್ಲದಿದ್ದರೆ ಲೀಟರಿಗೆ ಎರಡು ಗ್ರಾಮಿನಂತೆ ಮ್ಯಾಂಕೋಜೆಬ್ ಸಿಂಪಡಿಸಬಹುದು.

ಯೇವಲೆಯ ಹೊಲಗಳಲ್ಲಿ ಈಗ ಮೆಕ್ಕೆಜೋಳವೂ ಈರುಳ್ಳಿಯೂ ಮುಂದೆ ಬಂದು ಬಾಜರಿ ಹಿಂದೆ ಸರಿದಿದೆ. ಎಚ್‌ಬಿ-3 ಬಿತ್ತಿ 1971ರ ಬೇನೆಯನ್ನು ಕಣ್ಣಾರೆ ಕಂಡ ಬಾಜರಿ ನಾಡಿನ ರೈತರು, ಅಲ್ಲಿರಲಿ ನಮ್ಮ ಬಿಜಾಪುರದ ಕಡೆಯಿರಲಿ, ಇಂದು ಎಪ್ಪತ್ತು ದಾಟಿದ ವೃದ್ಧರು. ರಾಹುರಿಯ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ತರುಣರು ಆ ಹಿರಿಯರ ಬಳಿಗೆ ಹೋಗಿ, ಅವರು ಯಾವ ಲಕ್ಷಣದಿಂದ ಬೇನೆಯನ್ನು ಗುರುತಿಸುತ್ತಿದ್ದರು, ಯಾವ ನಾಟಿ ತಳಿ ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಕೇಳಿ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ.