ಸಾಕುಮೊಲಕ್ಕೆ ಕಾಡುಸೊಪ್ಪು: ಯಾವುದು ಮೇವು, ಯಾವುದು ವಿಷ?

ಮಂಗಳೂರು: ಮಕ್ಕಳ ಹಟಕ್ಕೆ ಮಣಿದು ಮನೆಗೆ ತರುವ ಜೋಡಿ ಮೊಲಗಳು ನಗರದಲ್ಲಿ ಈಗ ಅಪರೂಪದ ದೃಶ್ಯವಲ್ಲ. ಆದರೆ ಅವುಗಳ ಮೇವಿನ ಪ್ರಶ್ನೆ ಮೊದಲ ವಾರದಲ್ಲೇ ಎದುರಾಗುತ್ತದೆ. ವಿದೇಶದಿಂದ ಬರುವ ತಿಮೋತಿ ಒಣಹುಲ್ಲು ಎಲ್ಲರ ಕೈಗೆಟಕುವ ಬೆಲೆಯದ್ದಲ್ಲ. ಅಂಗಡಿಯ ಪೊಟ್ಟಣದ ಗುಳಿಗೆ ಆಹಾರವೊಂದನ್ನೇ ನೆಚ್ಚಿದರೆ ಮೊಲದ ಹಲ್ಲು, ಹೊಟ್ಟೆ ಎರಡೂ ಕೆಡುತ್ತವೆ. ಹೀಗಾಗಿ ಹಿತ್ತಿಲು, ಗುಡ್ಡ, ಗದ್ದೆಯಂಚುಗಳ ಹುಲ್ಲು-ಸೊಪ್ಪಿನತ್ತ ಮೊಲ ಸಾಕುವವರ ಕಣ್ಣು ಹೊರಳುವುದು ಸಹಜ.

ನಂತೂರಿನಿಂದ ಮೂಡುಬಿದಿರೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 169ರ ಬದಿಯ ಬಿಕರ್ನಕಟ್ಟೆಯಂತಹ ಬಡಾವಣೆ ಇದಕ್ಕೆ ಒಳ್ಳೆಯ ಉದಾಹರಣೆ. ಬಾಲ ಯೇಸು ಪುಣ್ಯಕ್ಷೇತ್ರದಿಂದಾಗಿ ಹೆಸರಾದ ಈ ಪ್ರದೇಶದಲ್ಲಿ ಕೆಂಪುಕಲ್ಲಿನ ಇಳಿಜಾರು, ಹಲಸು-ತೆಂಗು-ದಾಸವಾಳಗಳಿರುವ ಮನೆಯಂಗಳ, ವಾಹನ ದಟ್ಟಣೆಯ ಹೆದ್ದಾರಿ ಎಲ್ಲವೂ ಒಂದರ ಪಕ್ಕ ಒಂದಿವೆ. ಇಂತಹ ಕಡೆ ಮೊಲಕ್ಕೆ ಬೇಕಾದ ಮೇವು ಕೆಲವೇ ಹೆಜ್ಜೆಗಳ ಅಂತರದಲ್ಲಿ ಸಿಗುತ್ತದೆ. ಅದನ್ನು ಕೊಲ್ಲಬಲ್ಲ ಗಿಡವೂ ಅಷ್ಟೇ ಅಂತರದಲ್ಲಿರುತ್ತದೆ. ಆದ್ದರಿಂದ ಆಯ್ಕೆಯ ತಿಳಿವಳಿಕೆ ಅತ್ಯಗತ್ಯ.

ಮೊಲದ ಹೊಟ್ಟೆಯ ರೀತಿ

ಸಾಕುಮೊಲವು ಯುರೋಪಿನ ಐಬೀರಿಯ ಪ್ರದೇಶದ ಕಾಡುಮೊಲದ ಸಂತತಿ. ನಮ್ಮ ಗುಡ್ಡಗಳಲ್ಲಿ ಓಡಾಡುವ ಕಾಡುಮೊಲ ಬೇರೆಯೇ ಪ್ರಭೇದ. ಆದುದರಿಂದ ಇಲ್ಲಿನ ವಿಷಸಸ್ಯಗಳನ್ನು ಹುಟ್ಟಿನಿಂದಲೇ ಗುರುತಿಸುವ ಶಕ್ತಿ ಸಾಕುಮೊಲಕ್ಕಿದೆ ಎಂದು ನಂಬುವಂತಿಲ್ಲ. ಗೂಡಿನಲ್ಲಿ ಹಸಿದಿರುವ ಮೊಲ ಎದುರಿಗಿಟ್ಟದ್ದನ್ನು ತಿಂದುಬಿಡಬಹುದು.

ಮೊಲದ ಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ. ಮುಂಬಾಚಿ ಹಲ್ಲುಗಳು ವಾರಕ್ಕೆ ಸುಮಾರು 2ರಿಂದ 3 ಮಿ.ಮೀ. ಬೆಳೆಯುತ್ತವೆ. ನಾರುಳ್ಳ ಹುಲ್ಲನ್ನು ಗಂಟೆಗಟ್ಟಲೆ ಅಗಿಯುವುದರಿಂದಲೇ ಅವು ಸವೆಯಬೇಕು. ದೊಡ್ಡಕರುಳಿನ ಆರಂಭದಲ್ಲಿರುವ ಸೀಕಂ ಎಂಬ ಚೀಲದಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಕೊಳೆಯಿಸಿ ಪೋಷಕಾಂಶಗಳನ್ನು ತಯಾರಿಸುತ್ತವೆ. ಈ ಭಾಗದಿಂದ ಬರುವ ಮೃದುವಾದ ಹಿಕ್ಕೆಯನ್ನು ಮೊಲ ಮತ್ತೆ ತಿನ್ನುತ್ತದೆ. ಇದು ರೋಗವಲ್ಲ, ಅದರ ಜೀರ್ಣಕ್ರಿಯೆಯ ಭಾಗ.

ಇನ್ನೊಂದು ಮುಖ್ಯ ಸಂಗತಿಯೆಂದರೆ, ಮೊಲಕ್ಕೆ ವಾಂತಿ ಮಾಡಲು ಸಾಧ್ಯವಿಲ್ಲ. ಒಮ್ಮೆ ನುಂಗಿದ ವಿಷ ಹೊರಬರುವ ದಾರಿ ಮುಚ್ಚಿದಂತೆಯೇ. ಆಹಾರದ ಶೇ. 80ಕ್ಕೂ ಹೆಚ್ಚಿನ ಪಾಲು ಹುಲ್ಲು ಅಥವಾ ಒಣಹುಲ್ಲು ಆಗಿರಬೇಕು, ಸೊಪ್ಪು ಅದರ ಜೊತೆಗಿನ ಪೂರಕ ಮಾತ್ರ ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಒಪ್ಪುವ ನಿಯಮ.

ನಿತ್ಯ ಕೊಡಬಹುದಾದವು

ಪೂಜೆಗೆ ಬಳಸುವ ಗರಿಕೆ ಮೊಲಕ್ಕೆ ಉತ್ತಮ ಮೇವು. ಅಂಗಳ, ಗದ್ದೆಯಂಚು, ಮೈದಾನಗಳಲ್ಲಿ ಧಾರಾಳವಾಗಿ ಬೆಳೆಯುತ್ತದೆ. ಹೈನುಗಾರರು ಬೆಳೆಸುವ ಗಿನಿ ಹುಲ್ಲನ್ನೂ ಕೊಡಬಹುದು. ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಅಂಶ ಇರುವುದರಿಂದ ಅದೊಂದನ್ನೇ ಕೊಡದೆ ಬೇರೆ ಹುಲ್ಲುಗಳೊಂದಿಗೆ ಬೆರೆಸುವುದು ಉಚಿತ.

ದಾಸವಾಳದ ಎಲೆ ಮತ್ತು ಹೂವನ್ನು ಮೊಲಗಳು ಇಷ್ಟಪಟ್ಟು ತಿನ್ನುತ್ತವೆ. ಚಟ್ನಿ, ತಂಬುಳಿಗೆ ಬಳಸುವ, ತುಳುವಿನಲ್ಲಿ ತಿಮರೆ ಎಂದು ಕರೆಯುವ ಒಂದೆಲಗವನ್ನೂ ಸ್ವಲ್ಪ ಪ್ರಮಾಣದಲ್ಲಿ ನೀಡಬಹುದು. ಬಿದಿರಿನ ಬಲಿತ ಎಲೆ ನಾರಿನಿಂದ ಸಮೃದ್ಧ. ಆದರೆ ಬಿದಿರಿನ ಎಳೆಯ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಅದನ್ನು ಹಸಿಯಾಗಿ ಕೊಡಲೇಬಾರದು. ಮನುಷ್ಯರು ಕಣಿಲೆಯನ್ನು ನೀರಿನಲ್ಲಿ ನೆನೆಸಿ, ಬೇಯಿಸಿ ತಿನ್ನುವುದಕ್ಕೆ ಕಾರಣವೂ ಇದೇ.

ಅಂಗಳದಲ್ಲಿ ಬಿಳಿ-ಹಳದಿ ಪುಟ್ಟ ಹೂ ಬಿಡುತ್ತ ಹರಡುವ ಟ್ರೈಡ್ಯಾಕ್ಸ್ ಎಂಬ ಕಳೆಯನ್ನು ಪಶ್ಚಿಮ ಆಫ್ರಿಕದ ದೇಶಗಳಲ್ಲಿ ಮೊಲ ಸಾಕುವವರು ಮುಖ್ಯ ಹಸಿರುಮೇವಾಗಿ ಬಳಸುತ್ತಾರೆ. ಇಲ್ಲಿಯೂ ಅದು ವರ್ಷದ ಬಹುಭಾಗ ಲಭ್ಯ.

ಮರದ ಎಲೆಗಳು

ಕರಾವಳಿಯಲ್ಲಿ ಬೇಸಗೆಯ ಮೇವಿನ ಕೊರತೆಯನ್ನು ನೀಗಿಸುವುದು ಮರಗಳೇ. ಹಲಸಿನ ಎಲೆ ಇವುಗಳಲ್ಲಿ ಮೊದಲನೆಯದು. ಆಡುಗಳಿಗೆ ಕಟ್ಟುವ ಹಲಸಿನ ಸೊಪ್ಪನ್ನೇ ಮೊಲಕ್ಕೂ ಕೊಡಬಹುದು. ಮರ ನಿತ್ಯಹರಿದ್ವರ್ಣವಾದುದರಿಂದ ಏಪ್ರಿಲ್-ಮೇ ತಿಂಗಳಲ್ಲಿ ಗುಡ್ಡವೆಲ್ಲ ಒಣಗಿ ಕಂದಾದಾಗಲೂ ಎಲೆ ಸಿಗುತ್ತದೆ.

ಹಿಪ್ಪುನೇರಳೆ ಎಲೆಯ ಒಣತೂಕದಲ್ಲಿ ಸುಮಾರು ಶೇ. 15ರಿಂದ 25ರಷ್ಟು ಪ್ರೊಟೀನ್ ಇರುತ್ತದೆ. ರಾಮನಗರ, ಕೋಲಾರ ಮೊದಲಾದ ರೇಷ್ಮೆ ಸೀಮೆಗಳ ಓದುಗರಿಗೆ ಇದು ಸುಲಭವಾಗಿ ದೊರೆಯುತ್ತದೆ. ಕರಾವಳಿಯಲ್ಲಿ ಒಂದು ಕಡ್ಡಿ ನೆಟ್ಟರೆ ಸಾಕು, ಚಿಗುರಿಕೊಳ್ಳುತ್ತದೆ. ಪೇರಳೆ ಎಲೆ ಒಗರಾಗಿರುವುದರಿಂದ ಕೆಲವು ಎಲೆಗಳಷ್ಟೇ ಸಾಕು. ಬಾಳೆ ಎಲೆಯನ್ನೂ ಆಗಾಗ ತುಂಡರಿಸಿ ಕೊಡಬಹುದು.

ಮಿತಿ ಮೀರಬಾರದವು

ನುಗ್ಗೆ ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚು. ಮೊಲದ ದೇಹವು ಆಹಾರದ ಕ್ಯಾಲ್ಸಿಯಂ ಅನ್ನು ಹೆಚ್ಚು ಪ್ರಮಾಣದಲ್ಲಿ ಹೀರಿಕೊಂಡು, ಹೆಚ್ಚಾದುದನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಮೂತ್ರ ಬಿಳಿಯಾಗಿ, ಸುಣ್ಣದ ನೀರಿನಂತೆ ಗಟ್ಟಿಯಾಗುತ್ತ ಬಂದರೆ ಮೂತ್ರಕೋಶದಲ್ಲಿ ಹರಳು ಉಂಟಾಗುವ ಸಂಭವವಿದೆ. ಆದ್ದರಿಂದ ನುಗ್ಗೆ ವಾರಕ್ಕೆ ಒಂದೆರಡು ಬಾರಿ, ಒಂದೆರಡು ಕಡ್ಡಿ ಮಾತ್ರ.

ಹರಿವೆ, ಮುಳ್ಳುಹರಿವೆಗಳಲ್ಲಿ ಆಕ್ಸಲೇಟ್ ಇದೆ. ಕನ್ನೆಸೊಪ್ಪಿನಲ್ಲಿ ನೀರಿನಂಶ ಅಧಿಕ. ಇವು ಬೆರಕೆಯ ಒಂದು ಭಾಗವಾಗಿರಲಿ. ಸುಬಾಬುಲ್ ಎಲೆಯಲ್ಲಿ ಮಿಮೋಸಿನ್ ಎಂಬ ವಸ್ತು ಇದ್ದು, ಹೆಚ್ಚಾದರೆ ಕೂದಲು ಉದುರುತ್ತದೆ. ಮುಟ್ಟಿದರೆ ಮುನಿಯಲ್ಲೂ ಇದೇ ವಸ್ತುವಿದೆ, ಜೊತೆಗೆ ಮುಳ್ಳು.

ಮುಟ್ಟಲೇಬಾರದವು

* ಕಣಗಿಲೆ, ಹಳದಿ ಕಣಗಿಲೆ: ಹೃದಯದ ಬಡಿತವನ್ನೇ ಕೆಡಿಸುವ ವಿಷ. ಕೆಲವೇ ಎಲೆ ಪ್ರಾಣಕ್ಕೆ ಸಾಕು. ಬೇಲಿಯಲ್ಲಿ, ರಸ್ತೆ ವಿಭಜಕಗಳಲ್ಲಿ ಸಾಮಾನ್ಯ.
* ಲಂಟಾನ: ಯಕೃತ್ತಿಗೆ ಹಾನಿಕರ.
* ಕಾಸರಕ: ಬೀಜದಲ್ಲಿ ಮಾತ್ರವಲ್ಲ, ತೊಗಟೆ, ಎಲೆಗಳಲ್ಲೂ ನರಮಂಡಲವನ್ನು ಕೆಡಿಸುವ ಕ್ಷಾರಪದಾರ್ಥಗಳಿವೆ.
* ಹರಳು, ಎಕ್ಕ, ಉಮ್ಮತ್ತಿ: ಮೂರೂ ವಿಷಕಾರಿ. ಉಮ್ಮತ್ತಿಯ ಅಟ್ರೋಪಿನ್ ಅನ್ನು ಒಡೆಯುವ ಕಿಣ್ವ ಕೆಲವು ಮೊಲಗಳ ರಕ್ತದಲ್ಲಿದೆ ಎಂಬುದು ನಿಜ. ಆದರೆ ಎಲ್ಲ ಮೊಲಗಳಲ್ಲೂ ಇಲ್ಲ.
* ಮರಗೆಣಸು ಮತ್ತು ರಬ್ಬರ್ ಎಲೆ: ಸಯನೈಡ್ ಉಂಟುಮಾಡುತ್ತವೆ.
* ಬೆಣ್ಣೆಹಣ್ಣಿನ ಎಲೆ: ಪರ್ಸಿನ್ ಎಂಬ ವಿಷವಸ್ತು ಹೃದಯಕ್ಕೆ ಮಾರಕ.
* ಮನಿಪ್ಲಾಂಟ್, ಡೀಫೆನ್‌ಬೇಕಿಯ, ಕ್ರೋಟನ್ ಮುಂತಾದ ಅಲಂಕಾರಿಕ ಗಿಡಗಳು: ಮನೆಯೊಳಗೆ ಮೊಲವನ್ನು ಬಿಡುವವರು ಕುಂಡಗಳನ್ನು ಎತ್ತರದಲ್ಲಿಡಬೇಕು.
* ಗ್ಲಿರಿಸಿಡಿಯ: ಗೊಬ್ಬರಕ್ಕೆ ಒಳ್ಳೆಯದು. ಆದರೆ ಅದರ ಶಾಸ್ತ್ರೀಯ ಹೆಸರಿನ ಅರ್ಥವೇ ಇಲಿಗಳನ್ನು ಕೊಲ್ಲುವುದು ಎಂದು. ಮೊಲಕ್ಕೆ ಕೊಡದಿರುವುದೇ ಲೇಸು.

ಜನ ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂ ಹಾಗೂ ಕಮ್ಯುನಿಸ್ಟ್ ಗಿಡವೆನ್ನುವ ಕ್ರೋಮೊಲೀನ ಎರಡೂ ಮೇವಿಗೆ ಅನರ್ಹ.

ನಾವು ತಿನ್ನುವುದೆಲ್ಲ ಮೊಲಕ್ಕಲ್ಲ

ತುಳುನಾಡಿನ ಆಟಿ ತಿಂಗಳ ಅಡುಗೆಯಲ್ಲಿ ಕಾಡುಸೊಪ್ಪುಗಳಿಗೆ ವಿಶೇಷ ಸ್ಥಾನವಿದೆ. ಇದೇ ಕಾರಣಕ್ಕೆ ತಪ್ಪು ಗ್ರಹಿಕೆಯೂ ಉಂಟಾಗುತ್ತದೆ. ಪತ್ರೊಡೆಗೆ ಬಳಸುವ ಕೆಸುವಿನ ಎಲೆಯಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಹುಣಸೆಹುಳಿ ಬೆರೆಸಿ ಚೆನ್ನಾಗಿ ಬೇಯಿಸಿದಾಗ ಮನುಷ್ಯರಿಗೆ ತುರಿಕೆ ತಪ್ಪುತ್ತದೆ. ಮೊಲ ತಿನ್ನುವುದು ಹಸಿ ಎಲೆಯನ್ನು. ಅದರ ಬಾಯಿ, ಗಂಟಲು ಊದಿಕೊಳ್ಳುತ್ತದೆ. ತಜಂಕ್ ಅಥವಾ ತಗಟೆ ಸೊಪ್ಪಿನ ಎಳೆಯ ಎಲೆ ನಮ್ಮ ಊಟಕ್ಕೆ ಸರಿ. ಆದರೆ ಗಿಡದಲ್ಲಿ ಭೇದಿಕಾರಕ ಅಂಶಗಳಿದ್ದು, ಬೀಜ ಜಾನುವಾರುಗಳಿಗೂ ವಿಷ.

ಹೆಸರೂ ಮೋಸಗೊಳಿಸಬಲ್ಲದು. ಮಲಯಾಳದಲ್ಲಿ ಮುಯಲ್ ಚೆವಿಯನ್, ಅಂದರೆ ಮೊಲದ ಕಿವಿ ಎಂದು ಕರೆಯುವ ಎಮಿಲಿಯ ಸಸ್ಯಕ್ಕೆ ಆ ಹೆಸರು ಬಂದುದು ಎಲೆಯ ಆಕಾರದಿಂದ. ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ಪೈರೊಲಿಜಿಡಿನ್ ಕ್ಷಾರಪದಾರ್ಥಗಳು ಪತ್ತೆಯಾಗಿವೆ.

ಮಂಗಳೂರಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಭಾಷೆಗಳು ಒಟ್ಟಿಗೆ ಬಳಕೆಯಲ್ಲಿರುವುದರಿಂದ ಒಂದೇ ಗಿಡಕ್ಕೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ಗಿಡ ಇರುವುದು ಸಾಮಾನ್ಯ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಪಾಲೆ ಮರದ ಕೆತ್ತೆ ತರುವಾಗ ಕಾಸರಕವೆಂಬ ಕಾಯೆರ್ ಮರದೊಡನೆ ತಪ್ಪಬಾರದೆಂದು ಹಿರಿಯರು ಎಚ್ಚರಿಸುತ್ತಾರೆ. ಮೊಲಕ್ಕೆ ಸೊಪ್ಪು ತರುವವರಿಗೂ ಈ ಎಚ್ಚರ ಅನ್ವಯಿಸುತ್ತದೆ. ಮರಗಳನ್ನು ಕಣ್ಣಾರೆ ಕಂಡು ಕಲಿಯಬಯಸುವವರಿಗೆ ಇದೇ ಹೆದ್ದಾರಿಯಲ್ಲಿ ಮುಂದೆ, ವಾಮಂಜೂರು ಸಮೀಪದ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮದ ಸಸ್ಯವನ ಅನುಕೂಲಕರ. ಪಶ್ಚಿಮ ಘಟ್ಟದ ಅನೇಕ ಪ್ರಭೇದಗಳನ್ನು ಅಲ್ಲಿ ಬೆಳೆಸಲಾಗಿದೆ. ನೋಡಿ ಕಲಿಯಬಹುದೇ ಹೊರತು ಕೀಳುವಂತಿಲ್ಲ.

ಎಲ್ಲಿಂದ ತರಬೇಕು?

ಹೆದ್ದಾರಿಯಂಚಿನ ಹುಲ್ಲು ಎಷ್ಟೇ ಹಸಿರಾಗಿ ಕಂಡರೂ ತ್ಯಾಜ್ಯವೇ. ದೇಶದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ 2000ದಲ್ಲಿ ನಿಂತಿದೆ. ಆದರೆ ಮಣ್ಣಿನಲ್ಲಿ ಸೇರಿದ ಸೀಸ ಬೇಗ ಕರಗುವುದಿಲ್ಲ. ಟಯರ್, ಬ್ರೇಕುಗಳಿಂದ ಉದುರುವ ಧೂಳು ಇಂದಿಗೂ ಎಲೆಗಳ ಮೇಲೆ ಕೂರುತ್ತದೆ. ಕಳೆನಾಶಕ ಸಿಂಪಡಿಸಿದ ಜಾಗ, ತೆರೆದ ಚರಂಡಿಯ ಅಂಚು, ಕಸ ಸುರಿಯುವ ಸ್ಥಳ, ನಾಯಿಗಳು ಮೂತ್ರ ಮಾಡುವ ಮೂಲೆಗಳನ್ನೂ ತಪ್ಪಿಸಬೇಕು.

ಮಳೆಗಾಲದಲ್ಲಿ ಕರಾವಳಿಯನ್ನು ಕಾಡುವ ಇಲಿಜ್ವರ ಹರಡುವುದು ಇಲಿ ಮೊದಲಾದ ಪ್ರಾಣಿಗಳ ಮೂತ್ರದಿಂದ. ಕೈಕಾಲಿನಲ್ಲಿ ಗಾಯವಿರುವವರು ನಿಂತ ನೀರಿನಲ್ಲಿ ಹುಲ್ಲು ಕೊಯ್ಯುವುದು ಅಪಾಯಕಾರಿ. ಎತ್ತರದ ಹುಲ್ಲಿನಲ್ಲಿ ಹಾವುಗಳಿರುವುದರಿಂದ ಬೂಟು, ಕೈಗವಸು ಅಗತ್ಯ. ಅನ್ಯರ ಹಿತ್ತಿಲಿನಿಂದ ಸೊಪ್ಪು ತರುವುದಕ್ಕೆ ಮೊದಲು ಮನೆಯವರ ಒಪ್ಪಿಗೆ ಪಡೆಯುವುದು ಸೌಜನ್ಯ ಮಾತ್ರವಲ್ಲ, ಅಲ್ಲಿ ಔಷಧ ಸಿಂಪಡಿಸಲಾಗಿದೆಯೇ ಎಂಬುದನ್ನು ತಿಳಿಯುವ ದಾರಿಯೂ ಹೌದು.

ಋತುವಿಗೆ ತಕ್ಕ ಮೇವು

ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೊದಲ ಮಳೆಗೆ ಚಿಗುರುವ ಹುಲ್ಲು ಮೃದು, ನೀರಿನಂಶವೇ ಹೆಚ್ಚು. ಬೇಸಗೆಯಿಡೀ ಒಣಮೇವು ತಿಂದ ಮೊಲಕ್ಕೆ ಏಕಾಏಕಿ ಇದನ್ನು ಕೊಟ್ಟರೆ ಭೇದಿ, ಹೊಟ್ಟೆಯುಬ್ಬರ ಉಂಟಾಗುತ್ತದೆ. ಒದ್ದೆ ಹುಲ್ಲನ್ನು ಹರಡಿ ನೀರು ಆರಿಸಿಯೇ ಕೊಡಬೇಕು. ರಾಶಿ ಹಾಕಿದರೆ ಕೆಲವೇ ಗಂಟೆಗಳಲ್ಲಿ ಬಿಸಿಯಾಗಿ ಹುಳಿಯುತ್ತದೆ. ಯಂತ್ರದಿಂದ ಕತ್ತರಿಸಿದ ಹುಲ್ಲುಹಾಸಿನ ಪುಡಿ ಕೂಡ ಇದೇ ಕಾರಣಕ್ಕೆ ವರ್ಜ್ಯ.

ಮಳೆ ನಿಂತ ಬಳಿಕ, ನವೆಂಬರಿನಿಂದ ಒಣಹುಲ್ಲು ಮಾಡಿಟ್ಟುಕೊಳ್ಳಲು ಸಕಾಲ. ತೆನೆ ಬಲಿಯುವ ಮುನ್ನ ಕೊಯ್ದು, ತೆಳುವಾಗಿ ಹರಡಿ, ಎರಡು-ಮೂರು ದಿನ ಒಣಗಿಸಿ ಗಾಳಿಯಾಡುವ ಗೋಣಿಚೀಲದಲ್ಲಿ ತುಂಬಬೇಕು. ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದ ಹುಲ್ಲನ್ನು ಯಾವ ಕಾರಣಕ್ಕೂ ಕೊಡಬಾರದು. ಬೈಹುಲ್ಲಿನಲ್ಲಿ ಪೌಷ್ಟಿಕಾಂಶ ಕಡಿಮೆ. ಹಾಸಲು, ಅಗಿಯಲು ಆದೀತು, ಅದೇ ಪೂರ್ಣ ಆಹಾರವಾಗದು. ಬೇಸಗೆಯಲ್ಲಿ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊಲಗಳು ಬಳಲುತ್ತವೆ. ನೆರಳು ಮತ್ತು ದಿನವಿಡೀ ಶುದ್ಧ ನೀರು ಇರಲೇಬೇಕು.

ಹೊಸ ಸೊಪ್ಪು ಪರಿಚಯಿಸುವ ಕ್ರಮ

ಮೊದಲ ದಿನ ಒಂದೇ ಬಗೆಯ ಒಂದು ಎಲೆ. ಇಪ್ಪತ್ನಾಲ್ಕು ಗಂಟೆ ಹಿಕ್ಕೆಯನ್ನು ಗಮನಿಸಬೇಕು. ದುಂಡಗೆ, ಒಣಗಿದಂತಿದ್ದರೆ ಮರುದಿನ ಸ್ವಲ್ಪ ಹೆಚ್ಚಿಸಿ, ಒಂದು ವಾರದಿಂದ ಹತ್ತು ದಿನಗಳಲ್ಲಿ ಪೂರ್ಣ ಪ್ರಮಾಣಕ್ಕೆ ತರಬಹುದು. ಎರಡು ಹೊಸ ಸೊಪ್ಪುಗಳನ್ನು ಒಟ್ಟಿಗೆ ಆರಂಭಿಸಿದರೆ ತೊಂದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಮೂರು ತಿಂಗಳೊಳಗಿನ ಮರಿಗಳ ವಿಷಯದಲ್ಲಿ ಇನ್ನಷ್ಟು ನಿಧಾನ ಅಗತ್ಯ. ಕೆಲವು ಎಲೆಗಳನ್ನು ತಿಂದಾಗ ಮೂತ್ರ ಕೆಂಪಾಗುವುದುಂಟು. ಇದು ಹೆಚ್ಚಾಗಿ ಸಸ್ಯದ ಬಣ್ಣವೇ ಆಗಿರುತ್ತದೆ. ಆದರೆ ಮೊಲ ಮಂಕಾಗಿದ್ದರೆ ಪರೀಕ್ಷೆ ಮಾಡಿಸಬೇಕು.

ಅಪಾಯದ ಸೂಚನೆಗಳು

ಮೇವು ಮುಟ್ಟದಿರುವುದು, ಹಿಕ್ಕೆ ನಿಲ್ಲುವುದು, ಜೊಲ್ಲು, ನಡುಕ, ಹೊಟ್ಟೆಯುಬ್ಬರ, ಮೂಲೆಯಲ್ಲಿ ಮುದುಡಿ ಕುಳಿತು ಹಲ್ಲು ಕಡಿಯುವುದು ಇವು ಅಪಾಯದ ಚಿಹ್ನೆಗಳು. ಹನ್ನೆರಡು ಗಂಟೆ ಏನನ್ನೂ ತಿನ್ನದ ಮೊಲವನ್ನು ತುರ್ತು ರೋಗಿಯೆಂದೇ ಭಾವಿಸಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ತಿಂದ ಗಿಡದ ಒಂದು ರೆಂಬೆಯನ್ನು ಜೊತೆಗೆ ತೆಗೆದುಕೊಂಡು ಹೋದರೆ ಚಿಕಿತ್ಸೆಗೆ ನೆರವಾಗುತ್ತದೆ. ಮನೆಯಲ್ಲಿರುವ ಮಾತ್ರೆಗಳನ್ನು ಕೊಡುವುದು ಸಲ್ಲದು. ಮನುಷ್ಯರಿಗೆ ಸಾಮಾನ್ಯವಾದ ಅಮಾಕ್ಸಿಸಿಲಿನ್ ಔಷಧವನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಸಾವು ಸಂಭವಿಸಬಹುದು.

ಸೊಪ್ಪು ಅರಸಿ ಹೋದಾಗ ಕಾಡುಮೊಲದ ಮರಿ ಕಂಡರೆ ಅದನ್ನು ಮನೆಗೆ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ರಕ್ಷಿತ ಪ್ರಾಣಿ. ಹಿಡಿಯುವುದು, ಸಾಕುವುದು ಶಿಕ್ಷಾರ್ಹ ಅಪರಾಧ.

ನೆನಪಿಡಬೇಕಾದ ಅಂಶಗಳು

* ಖಚಿತವಾಗಿ ಗುರುತು ಸಿಗದ ಗಿಡವನ್ನು ಕೊಡಬೇಡಿ.
* ಹುಲ್ಲು ಮುಖ್ಯ, ಸೊಪ್ಪು ಪೂರಕ.
* ದಿನವೂ ಒಂದೇ ಸೊಪ್ಪು ಬೇಡ. ಮೂರು-ನಾಲ್ಕು ಬಗೆ ಬೆರೆಸಿ.
* ಹೆದ್ದಾರಿಯಂಚು, ಚರಂಡಿ, ಔಷಧ ಸಿಂಪಡಿಸಿದ ಜಾಗಗಳಿಂದ ದೂರವಿರಿ.
* ತೊಳೆದು, ನೀರು ಆರಿಸಿ, ಅಂದೇ ಕೊಡಿ. ಬಾಡಿ ಬಿಸಿಯಾದುದನ್ನು ಎಸೆಯಿರಿ.
* ಹಿತ್ತಿಲಿನ ಒಂದು ಮೂಲೆಯಲ್ಲಿ ಗರಿಕೆ, ದಾಸವಾಳ, ಹಿಪ್ಪುನೇರಳೆ ಬೆಳೆಸಿಕೊಂಡರೆ ಹೊರಗಿನ ಅವಲಂಬನೆ ತಗ್ಗುತ್ತದೆ.