ಕೊನೆಯ ನಿಲ್ದಾಣ

2024ರ ಡಿಸೆಂಬರಿನಲ್ಲಿ ನಾಗಸಂದ್ರದ ನಮ್ಮ ಮನೆಗೆ ಹೊರಟ ಚಿಕ್ಕಮ್ಮ ಮೆಟ್ರೋದಲ್ಲಿ ಮಾದಾವರದವರೆಗೆ ಹೋಗಿಬಿಟ್ಟರು. "ನಾಗಸಂದ್ರವೇ ಕೊನೆ, ಎಲ್ಲರೂ ಇಳಿಯುವಾಗ ಇಳಿ ಅಂತ ನೀನೇ ಹೇಳಿದ್ದೆಯಲ್ಲೇ!" ಎಂದು ಬಾಗಿಲಲ್ಲೇ ಗದರಿದರು. ಹೇಳಿದ್ದು ನಿಜ. 2015ರ ಮೇ 1ರಿಂದ ಹಸಿರು ಮಾರ್ಗದ ರೈಲು ಇಲ್ಲಿಯೇ ನಿಲ್ಲುತ್ತಿತ್ತು. 2024ರ ನವೆಂಬರಿನಲ್ಲಿ ಅದು ಮಾದಾವರಕ್ಕೆ ಮುಂದುವರಿಯಿತು. ಚಿಕ್ಕಮ್ಮ ದಡ್ಡರಲ್ಲ, ಅವರಿಗೆ ಗೊತ್ತಿದ್ದದ್ದು ಹಳೆಯ ಸಂಗತಿ, ಅಷ್ಟೆ. ಕಾಫಿ ಬೆರೆಸುತ್ತಿದ್ದಾಗ ನನಗೆ 1993ರ ಒಂದು ಕೆಂಪು ಗೆರೆ ನೆನಪಾಯಿತು.

ಆಗ ನಾನು ಸಂಜೆ ಹೊತ್ತು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಹೊಸ ಪುಸ್ತಕ ಕೊಳ್ಳುವ ಶಕ್ತಿ ಇರಲಿಲ್ಲ. ಅವೆನ್ಯೂ ರಸ್ತೆಯಲ್ಲಿ ಹಳೆಯದೊಂದನ್ನು ಚೌಕಾಸಿ ಮಾಡಿ ತಂದೆ. ಕರ್ನಿಹನ್ ಮತ್ತು ರಿಚೀ ಬರೆದ ಸಿ ಭಾಷೆಯ ಪುಸ್ತಕ, 1978ರ ಮೊದಲ ಆವೃತ್ತಿ. ಎರಡನೆಯ ಆವೃತ್ತಿ 1988ರಲ್ಲೇ ಬಂದಿದೆ ಎಂಬುದು ನನಗೆ ತಿಳಿದಿರಲಿಲ್ಲ.

ಸಿ ಭಾಷೆಯಲ್ಲಿ ಪ್ರೋಗ್ರಾಮು ಕಂಪ್ಯೂಟರಿನ ನೆನಪಿನಲ್ಲಿ ಜಾಗ ಕೇಳಿ ಪಡೆಯುವ ಬಗೆ, ಮದುವೆಗೆ ಪಾತ್ರೆ ಬಾಡಿಗೆಗೆ ತಂದಂತೆ. 'ಮ್ಯಾಲಾಕ್' ಎಂದರೆ ಇಂತಿಷ್ಟು ಜಾಗ ಸಿಗುತ್ತದೆ, ಆದರೆ ತೊಳೆದಿರುವುದಿಲ್ಲ; ಹಿಂದಿನವರ ಸಾರಿನ ಕಲೆ ಅದರಲ್ಲೇ ಇರಬಹುದು. 'ಕ್ಯಾಲಾಕ್'ಗೆ ಎಷ್ಟು ಪಾತ್ರೆ, ಒಂದೊಂದು ಎಷ್ಟು ದೊಡ್ಡದು ಎಂದು ಎರಡು ಲೆಕ್ಕ ಹೇಳಬೇಕು. ಅದು ಎಲ್ಲವನ್ನೂ ತೊಳೆದು, ಸೊನ್ನೆ ತುಂಬಿ ಕೊಡುತ್ತದೆ. ಕೆಲಸ ಮುಗಿದ ಮೇಲೆ ಹಿಂತಿರುಗಿಸಲೇಬೇಕು. ಕ್ಯಾಲಾಕ್‌ನಿಂದ ಪಡೆದದ್ದನ್ನು 'ಸಿಫ್ರೀ'ಯಿಂದ ಕೊಡಬೇಕು ಎಂದು ನನ್ನ ಪುಸ್ತಕ ಹೇಳಿತ್ತು. ಪರೀಕ್ಷೆಯಲ್ಲಿ ಹಾಗೆಯೇ ಬರೆದೆ.

"ಇಂಥ ಫಂಕ್ಷನ್ನೇ ಇಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಬೇಡಿ" ಎಂದು ಮೇಷ್ಟ್ರು ಎಲ್ಲರೆದುರು ಕೆಂಪು ಗೆರೆ ಎಳೆದರು. ಹುಡುಗರು ನಕ್ಕರು. ಪುಸ್ತಕ ತೆರೆದು ತೋರಿಸಬಹುದಿತ್ತು. ತೋರಿಸಲಿಲ್ಲ, ನಾನೇ ತಪ್ಪು ಓದಿರಬೇಕೆಂದುಕೊಂಡೆ. ಮುಂದಿನ ತಿಂಗಳು ಕ್ಲಾಸು ಬಿಟ್ಟೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಾ ವರ್ಷಗಳು ಕಳೆದವು.

ಇಂಜಿನಿಯರಿಂಗ್ ಓದುತ್ತಿದ್ದ ಮಗಳು ಒಂದು ರಾತ್ರಿ, "ಅಮ್ಮ, ನಿನ್ನ ಸಿಫ್ರೀ ಇಲ್ಲಿದೆ ನೋಡು" ಎಂದು ಕರೆದಳು. ಲಿನಕ್ಸ್ ಕೈಪಿಡಿಯಲ್ಲಿ ಅದಕ್ಕೆ ಒಂದು ಪುಟವೇ ಇತ್ತು! ಇದನ್ನು ಬಳಸಲೇಬಾರದು ಎಂಬ ಎಚ್ಚರಿಕೆಯೂ ಇತ್ತು. ಇಬ್ಬರೂ ಕೂತು ಹಳೆಯ ಚರಿತ್ರೆಯನ್ನೆಲ್ಲ ಕೆದಕಿದೆವು.

ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚೀ ಸಿ ಭಾಷೆಯನ್ನು ರೂಪಿಸಿದ್ದು 1972ರ ಸುಮಾರಿಗೆ. ಮೊದಮೊದಲು ಇವೆಲ್ಲಕ್ಕೂ ಒಂದೇ ಕಟ್ಟಳೆ ಇರಲಿಲ್ಲ. ಕೆಲವು ಯುನಿಕ್ಸ್‌ಗಳಲ್ಲಿ ಸಿಫ್ರೀಗೆ ಜಾಗದ ಗುರುತು ಕೊಟ್ಟರೆ ಸಾಕು. ಕೆಲವು ಕಡೆ ಎಣಿಕೆ, ಅಳತೆ ಎರಡನ್ನೂ ಸೇರಿಸಿ ಹೇಳಬೇಕು. ನಾವು ಪಾತ್ರೆಯ ಮೇಲೆ ಹೆಸರು ಕೆತ್ತಿಸುವಂತೆ, ಕೊಟ್ಟ ಜಾಗದ ಮುಂದೆಯೇ ಅದರ ಅಳತೆ ಬರೆದಿಡುವ ಉಪಾಯವಿದ್ದಾಗ ಹಿಂತಿರುಗಿಸಲು 'ಫ್ರೀ' ಒಂದೇ ಸಾಕು. 1989ರ ಅಮೆರಿಕದ ಪ್ರಮಾಣಿತ ನಿಯಮದಲ್ಲಿ ಸಿಫ್ರೀಗೆ ಜಾಗ ಸಿಗಲಿಲ್ಲ. ಆದರೂ ಹಳೆಯ ಪ್ರೋಗ್ರಾಮುಗಳಿಗಾಗಿ ಲಿನಕ್ಸಿನ ಗ್ಲಿಬ್‌ಸಿ ಅದನ್ನು ಉಳಿಸಿಕೊಂಡಿತ್ತು; 2017ರ 2.26ನೆಯ ಆವೃತ್ತಿಯಲ್ಲಿ ತೆಗೆಯಿತು. ನನ್ನ ಕೆಂಪು ಗೆರೆಗೆ ಆಗ ಇಪ್ಪತ್ತನಾಲ್ಕು ವರ್ಷ!

ಇನ್ನೊಂದು ವಿಚಿತ್ರ ಕೇಳಿ. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ, ಹಿಂತಿರುಗಿಸಿದ ಜಾಗವನ್ನೂ 'ರೀಅಲಾಕ್' ಮೂಲಕ ಮತ್ತೆ ಪಡೆಯಬಹುದಿತ್ತು. ನಡುವೆ ಬೇರೆ ಜಾಗ ಕೇಳಿರಬಾರದು, ಅಷ್ಟೆ. ಕೊಟ್ಟುಬಂದ ಪಾತ್ರೆಯನ್ನು ಒಳಗಿನ ಪಾಯಸದೊಡನೆ ಮರಳಿ ತಂದಂತೆ. ಆ ಕಾಲದ ಕೈಪಿಡಿಯೇ ಒಪ್ಪಿದ್ದ ಈ ಪದ್ಧತಿ ಇಂದು ಘೋರ ತಪ್ಪು. ಮರಳಿಸಿದ ಜಾಗವನ್ನು ಮುಟ್ಟಿದರೆ ಪ್ರೋಗ್ರಾಮು ಕುಸಿಯಬಹುದು, ಕಳ್ಳರಿಗೆ ದಾರಿಯಾಗಬಹುದು.

ಮೇಷ್ಟ್ರೂ ಸುಳ್ಳು ಹೇಳಿರಲಿಲ್ಲ. ಅವರ ಕೈಯಲ್ಲಿದ್ದದ್ದು ಹೊಸ ಪುಸ್ತಕ, ನನ್ನ ಕೈಯಲ್ಲಿದ್ದದ್ದು ಹಳೆಯದು. "ಎಲ್ಲಿ ಓದಿದೆಯಮ್ಮ?" ಎಂದು ಅವರು ಒಂದು ಮಾತು ಕೇಳಿದ್ದರೆ, ಅಥವಾ ನಾನು ಬ್ಯಾಗಿನಿಂದ ಪುಸ್ತಕ ತೆಗೆದಿದ್ದರೆ, ನನ್ನ ದಾರಿ ಬೇರೆಯಾಗುತ್ತಿತ್ತೋ ಏನೋ.

ಕಾಫಿ ಲೋಟ ಕೊಡುತ್ತಾ, "ನಿಮ್ಮ ತಪ್ಪಲ್ಲ ಬಿಡಿ ಚಿಕ್ಕಮ್ಮ, ಹಳಿ ಮುಂದಕ್ಕೆ ಹೋಗಿದೆ" ಎಂದೆ.

"ಅದನ್ನು ಮೊದಲೇ ಹೇಳಬಾರದಿತ್ತೇನೇ?" ಎಂದರು.

ಹೌದು. ಹೇಳಬೇಕಿತ್ತು.