ಬೇಲಿ ಹಾಕಿದ ಸಂಘ, ಏಣಿ ಇಟ್ಟ ಸಂಘ

ಎಂಜಿನಿಯರ್ ಒಬ್ಬ ಬಳ್ಳಾರಿಯಿಂದ ಬಾಸ್ಟನ್ನಿಗೆ ಹೋದರೆ ಅವನು ಬರೆದ ಕೋಡ್ ಅಲ್ಲೂ ಓಡುತ್ತೆ. ವಕೀಲ ಹೋದರೆ? ಸೆಕ್ಷನ್ನುಗಳು ವಿಮಾನ ಹತ್ತಲ್ಲ ಸ್ವಾಮಿ. ಇಲ್ಲಿ ಹತ್ತು ವರ್ಷ ಕರಿಕೋಟು ಹಾಕಿದವರೂ ಅಲ್ಲಿ ಮತ್ತೆ ಹುಡುಗರ ಜೊತೆ ಪರೀಕ್ಷೆಗೆ ಕೂರಬೇಕು. ವಕೀಲಿ ಸನ್ನದು ಅನ್ನೋದು ನೆಲಕ್ಕೆ ಅಂಟಿಕೊಂಡ ವಸ್ತು.

ಇದು ನಮ್ಮ ಕರೂರಿನ ಕಡೆಯವರಿಗೆ ಬೇಗ ಅರ್ಥ ಆಗುತ್ತೆ. ಸಿರುಗುಪ್ಪ ಸೀಮೆಯ ಜನ 1953ರ ಸೆಪ್ಟೆಂಬರ್ 30ರ ರಾತ್ರಿ ಮದ್ರಾಸ್ ರಾಜ್ಯದಲ್ಲಿ ಮಲಗಿ, ಬೆಳಗ್ಗೆ ಮೈಸೂರು ರಾಜ್ಯದಲ್ಲಿ ಎದ್ದರು. ಪಕ್ಕದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಯಾರೂ ಗಂಟುಮೂಟೆ ಕಟ್ಟಲಿಲ್ಲ, ಗಡಿಯೇ ನಡೆದು ಬಂತು. ಅಲ್ಲಿಯವರೆಗೆ ಮದ್ರಾಸಿಗೆ ಹೋಗುತ್ತಿದ್ದ ಅಪೀಲು ಬೆಂಗಳೂರಿನ ದಾರಿ ಹಿಡಿಯಿತು. ಆದೋನಿಯವರ ಹೈಕೋರ್ಟಂತೂ 1954ರಲ್ಲಿ ಗುಂಟೂರು, 1956ರಲ್ಲಿ ಹೈದರಾಬಾದು, 2019ರಲ್ಲಿ ಅಮರಾವತಿ! ಒಂದು ಹೊಲದ ತಕರಾರಿಗೆ ಇಷ್ಟು ಊರು.

ಮದ್ರಾಸ್ ಅಂದೆನಲ್ಲ, ಕಥೆ ಅಲ್ಲಿಂದಲೇ ಶುರು ಮಾಡೋಣ. ಬ್ರಿಟಿಷರ ಕಾಲದ ಮದ್ರಾಸ್ ಹೈಕೋರ್ಟಿನಲ್ಲಿ ಎರಡು ಜಾತಿಯ ವಕೀಲರಿದ್ದರು. ಲಂಡನ್ನಿನಲ್ಲಿ ಓದಿ ಬಂದ ಬ್ಯಾರಿಸ್ಟರುಗಳು ಒಂದು, ಇಲ್ಲೇ ಓದಿದ ವಕೀಲರು ಇನ್ನೊಂದು. ಬ್ಯಾರಿಸ್ಟರುಗಳಿಗೆ ಅವರದ್ದೇ ಸಂಘವಿತ್ತು. ಇಲ್ಲಿಯ ವಕೀಲರು 1889ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಎರಡು ವರ್ಷ ಕಳೆದು, 1891ರಲ್ಲಿ, ಮೈಲಾಪುರದ ವಕೀಲರ ಕೂಟದಿಂದ ‘ಮದ್ರಾಸ್ ಲಾ ಜರ್ನಲ್’ ಹೊರಟಿತು. ತೀರ್ಪುಗಳು ಅಚ್ಚಾಗಿ ಕೈಗೆ ಸಿಕ್ಕರೆ, ದೂರದ ಜಿಲ್ಲೆಯಲ್ಲಿ ಕೂತವನೂ ಹೈಕೋರ್ಟಿನ ಮಾತು ತಿಳಿದು ವಾದ ಮಾಡಬಹುದು. ಸ್ವಂತ ನೆಲದಲ್ಲೇ ಎರಡನೇ ದರ್ಜೆಯವರಾದವರು ಕಂಡುಕೊಂಡ ದಾರಿ ಇಷ್ಟು ಸರಳ: ಗೊತ್ತಿರೋದನ್ನ ಹಂಚಿಕೊಳ್ಳೋದು.

ಸ್ವಂತ ನೆಲದಲ್ಲೇ ಹೀಗಾದರೆ ಪರದೇಶದಲ್ಲಿ ಹೇಗಿದ್ದೀತು? ಅದೇ ಕಾಲದ ದಕ್ಷಿಣ ಆಫ್ರಿಕಾ ನೋಡಿ. 1891ರಲ್ಲಿ ಬ್ಯಾರಿಸ್ಟರ್ ಆಗಿದ್ದ ಗಾಂಧೀಜಿ 1894ರಲ್ಲಿ ನೇಟಾಲ್ ಸುಪ್ರೀಂ ಕೋರ್ಟಿಗೆ ಅಡ್ವೊಕೇಟ್ ಆಗಲು ಅರ್ಜಿ ಹಾಕಿದರು. ಎದುರು ನಿಂತದ್ದು ಸರ್ಕಾರ ಅಲ್ಲ, ವಕೀಲರದ್ದೇ ಸಂಘ! ನೇಟಾಲ್ ಲಾ ಸೊಸೈಟಿಯ ವಾದ ಹೀಗಿತ್ತು: ನಿಯಮ ಬರೆದಾಗ ಬಿಳಿಯರಲ್ಲದವರು ಅರ್ಜಿ ಹಾಕಬಹುದು ಅಂತ ಯಾರೂ ಎಣಿಸಿರಲಿಲ್ಲ, ಹಾಗಾಗಿ ಕೊಡಬೇಕಿಲ್ಲ. ಮುಖ್ಯ ನ್ಯಾಯಾಧೀಶರು ಇದನ್ನ ಒಪ್ಪಲಿಲ್ಲ. ಕಾನೂನು ಬಣ್ಣ ನೋಡಲ್ಲ ಅಂದರು. ಪ್ರಮಾಣವಚನ ಆದಮೇಲೆ ಮಾತ್ರ ಪೇಟ ತೆಗೀರಿ ಅಂದರು, ಗಾಂಧೀಜಿ ತೆಗೆದರು. ನೇಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿದ್ದೂ ಅದೇ ವರ್ಷ, ಕೆಲವೇ ವಾರಗಳ ಅಂತರದಲ್ಲಿ. ಒಂದು ಸಂಘ ಬೇಲಿ ಹಾಕಿತು, ಬೇಲಿಯ ಹೊರಗಿನವರು ಇನ್ನೊಂದು ಸಂಘ ಕಟ್ಟಿದರು. ಮುಂದೆ ಅಮೆರಿಕದಲ್ಲೂ ನಡೆದದ್ದು ಇದೇ.

ಹಾಂಗ್ ಯೆನ್ ಚಾಂಗ್ ಅನ್ನೋ ಚೀನೀ ವಕೀಲ ಕೊಲಂಬಿಯಾದಲ್ಲಿ ಕಾನೂನು ಓದಿದ, ನ್ಯೂಯಾರ್ಕಿನಲ್ಲಿ ಸನ್ನದು ಪಡೆದ. 1890ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವನನ್ನ ಒಳಗೆ ಬಿಡಲಿಲ್ಲ. ಚೀನೀಯರಿಗೆ ಪೌರತ್ವವೇ ಇಲ್ಲ, ಪೌರತ್ವ ಇಲ್ಲದವನಿಗೆ ಸನ್ನದೂ ಇಲ್ಲ. ಪೌರತ್ವದ ಇದೇ ಕತ್ತಿ ನಮ್ಮವರ ಮೇಲೂ ಬಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಅಂದಿತು. ಥಿಂಡ್ ಪರ ಇದ್ದ ವಕೀಲರಲ್ಲಿ ಸಖಾರಾಂ ಗಣೇಶ್ ಪಂಡಿತ್ ಒಬ್ಬರು, 1914ರಲ್ಲಿ ಅಮೆರಿಕದ ಪೌರರಾದವರು, ಕ್ಯಾಲಿಫೋರ್ನಿಯಾದಲ್ಲಿ ಸನ್ನದು ಪಡೆದವರು. ಕೇಸು ಸೋತದ್ದೇ ತಡ, ಸರ್ಕಾರ ಪಂಡಿತರ ಪೌರತ್ವಕ್ಕೇ ಕೈ ಹಾಕಿತು. ಅದು ಹೋದರೆ ಹೊಟ್ಟೆಪಾಡಿನ ವಕೀಲಿಯೂ ಹೋಗುತ್ತಿತ್ತು. ಅವರು ಬಿಡಲಿಲ್ಲ. 1926ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು, 1927ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಅರ್ಜಿಯನ್ನ ಕೈಗೆತ್ತಿಕೊಳ್ಳಲೇ ಇಲ್ಲ. ಆ ಗೆಲುವಿನಿಂದ ಉಳಿದ ಭಾರತೀಯರ ಮೇಲಿನ ಇಂಥ ಕೇಸುಗಳೂ ನಿಂತವು.

ಪಂಡಿತರ ಬೆನ್ನಿಗೆ ಭಾರತೀಯ ವಕೀಲರ ಸಂಘ ಇತ್ತಾ? ಸಂಘ ಕಟ್ಟುವಷ್ಟು ನಮ್ಮ ವಕೀಲರೇ ಅಲ್ಲಿರಲಿಲ್ಲ. ದಾರಿ ತೋರಿಸಿದವರು ಕಪ್ಪು ಅಮೆರಿಕನ್ನರು. ಅಮೆರಿಕನ್ ಬಾರ್ ಅಸೋಸಿಯೇಷನ್ ಅವರನ್ನ ದೂರ ಇಟ್ಟಾಗ 1925ರಲ್ಲಿ ನ್ಯಾಷನಲ್ ಬಾರ್ ಅಸೋಸಿಯೇಷನ್ ಕಟ್ಟಿದರು. ಪೌರನಲ್ಲ ಅನ್ನೋ ಒಂದೇ ಕಾರಣಕ್ಕೆ ಸನ್ನದು ನಿರಾಕರಿಸುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು 1973ರಲ್ಲಿ, ಡಚ್ ಮಹಿಳೆಯೊಬ್ಬರ ಕೇಸಿನಲ್ಲಿ. ಕೆನಡಾದಲ್ಲಿ ಅದೇ ಮಾತು ಬಂದದ್ದು 1989ಕ್ಕೆ. ಏಷ್ಯಾ ಮೂಲದ ವಕೀಲರ ರಾಷ್ಟ್ರೀಯ ಸಂಘ ಅಮೆರಿಕದಲ್ಲಿ 1988ರಲ್ಲಿ ಹುಟ್ಟಿತು, ದಕ್ಷಿಣ ಏಷ್ಯಾದವರದ್ದು, ಅಂದರೆ ‘ಸಾಬಾ’, 2003ರಲ್ಲಿ.

ಇಂಥ ಸಂಘ ಏನು ಮಾಡುತ್ತೆ ಅಂತ ನನಗೆ ತಿಳಿದದ್ದು ನನ್ನ ಕಸಿನ್ ಒಬ್ಬಳಿಂದ. ಬೆಂಗಳೂರಲ್ಲಿ ವಕೀಲಿ ಮಾಡಿಕೊಂಡಿದ್ದವಳು ಮದುವೆಯಾಗಿ ಟೊರಾಂಟೊಗೆ ಹೋದಳು. ಕೆನಡಾದಲ್ಲಿ ಪರದೇಶದ ಲಾ ಡಿಗ್ರಿ ತೂಗಿ ನೋಡಲು ಒಂದು ರಾಷ್ಟ್ರೀಯ ಸಮಿತಿ ಇದೆ. ಅದು ಹೇಳಿದಷ್ಟು ವಿಷಯಗಳ ಪರೀಕ್ಷೆ ಬರೀಬೇಕು, ಆಮೇಲೆ ಪ್ರಾಂತ್ಯದ ಬಾರ್ ಪರೀಕ್ಷೆ, ಆರ್ಟಿಕ್ಲಿಂಗ್. ಪುಸ್ತಕ ಓದೋದು ಕಷ್ಟ ಆಗಲಿಲ್ಲವಂತೆ. ‘ಯಾರ ಆಫೀಸಿನ ಬಾಗಿಲು ತಟ್ಟಬೇಕು ಅಂತಲೇ ಗೊತ್ತಿರ್ಲಿಲ್ಲ ಕಣೋ’ ಅಂದಳು. ಕನ್ನಡ ಕೂಟದಲ್ಲಿ ಹೋಳಿಗೆ ಸಿಕ್ಕಿತು, ಸ್ನೇಹ ಸಿಕ್ಕಿತು, ಆರ್ಟಿಕ್ಲಿಂಗ್ ಸಿಗಲಿಲ್ಲ. ಅದನ್ನ ತೋರಿಸಿದ್ದು ಅದೇ ದಾರಿಯಲ್ಲಿ ಐದು ವರ್ಷ ಮುಂಚೆ ನಡೆದಿದ್ದ, ಸಂಘದ ಸಭೆಯಲ್ಲಿ ಸಿಕ್ಕ ಹಿರಿಯ ವಕೀಲೆ. ಅವಳ ರೆಸ್ಯೂಮೆ ತಿದ್ದಿಕೊಟ್ಟರು, ಅಣಕು ಸಂದರ್ಶನ ಮಾಡಿಸಿದರು, ಎರಡು ಫೋನು ಮಾಡಿದರು. ನೋಡೋಕೆ ಸಣ್ಣ ಕೆಲಸ. ಆದರೆ ಊರಲ್ಲಿ ಅಪ್ಪನೋ ಮಾವನೋ ವಕೀಲರಾಗಿದ್ದರೆ ಆ ಎರಡು ಫೋನು ತಾನಾಗಿ ಆಗಿಬಿಡುತ್ತೆ. ಪರದೇಶದಲ್ಲಿ ಆ ಮಾವನ ಜಾಗದಲ್ಲಿ ಸಂಘ ನಿಲ್ಲುತ್ತೆ.

ಈಗ ಒಂದಿಷ್ಟು ನಮ್ಮ ಬೆನ್ನೂ ನೋಡಿಕೊಳ್ಳೋಣ. ದೇಶದ ಯಾವ ಕೋರ್ಟಿನಲ್ಲಾದರೂ ವಾದ ಮಾಡುವ ಹಕ್ಕನ್ನ ನಮ್ಮ ವಕೀಲರಿಗೆ 1961ರ ಕಾಯ್ದೆಯಲ್ಲೇ ಬರೆದಿತ್ತು. ಆ ಸೆಕ್ಷನ್ 30 ಜಾರಿಗೆ ಬಂದದ್ದು 2011ರ ಜೂನ್ 15ಕ್ಕೆ, ಐವತ್ತು ವರ್ಷ ತಡವಾಗಿ! ವಿದೇಶಿ ವಕೀಲರು ಇಲ್ಲಿ ವಕೀಲಿ ಮಾಡುವಂತಿಲ್ಲ, ಬಂದು ಸಲಹೆ ಕೊಟ್ಟು ಹೋಗಬಹುದು ಅಂತ 2018ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಬಾರ್ ಕೌನ್ಸಿಲ್ ಕಿಟಕಿ ತೆರೆಯಿತು. ಕೋರ್ಟಿಗೆ ಕಾಲಿಡದೆ ವಿದೇಶಿ ಕಾನೂನಿನ ಬಗ್ಗೆ ಮಾತ್ರ ಕೆಲಸ, ಅದೂ ಅವರ ದೇಶ ನಮ್ಮವರಿಗೆ ಜಾಗ ಕೊಟ್ಟರೆ. ಕಕ್ಷಿದಾರನನ್ನ ಕಾಯೋಕೆ ಸ್ವಲ್ಪ ಬೇಲಿ ಬೇಕು, ಒಪ್ಪೋಣ. ಇಲ್ಲಿಯ ಕಾನೂನು ಗೊತ್ತಿಲ್ಲದವನ ಕೈಗೆ ಕರೂರಿನ ರೈತನ ಪಹಣಿ ಕೊಡೋಕಾಗಲ್ಲ. ಆದರೆ ಪರೀಕ್ಷೆ ಮಾಡೋದು ಬೇರೆ, ಹುಟ್ಟು ಕೇಳೋದು ಬೇರೆ. ನೇಟಾಲಿನ ಸಂಘ ಹುಟ್ಟು ಕೇಳಿತ್ತು.

ಚಾಂಗ್‌ಗೆ ಕೊನೆಗೂ ಸನ್ನದು ಸಿಕ್ಕಿತು, 2015ರ ಮಾರ್ಚಿನಲ್ಲಿ. ಅಷ್ಟೊತ್ತಿಗೆ ಅವನು ತೀರಿಹೋಗಿ ಎಷ್ಟೋ ದಶಕ ಆಗಿತ್ತು. 125 ವರ್ಷ ಹಳೆಯ ಆ ತೀರ್ಪನ್ನ ಎಬ್ಬಿಸಿ ನಿಲ್ಲಿಸಿದ್ದು ಡೇವಿಸ್ ನಗರದ ಕಾನೂನು ಕಾಲೇಜಿನ ಏಷ್ಯನ್ ವಿದ್ಯಾರ್ಥಿಗಳ ಸಂಘ. ಅವರಲ್ಲಿ ಯಾರಿಗೂ ಇನ್ನೂ ಸ್ವಂತ ಸನ್ನದು ಇರಲಿಲ್ಲ.